ಹಾರ್ಲನ್ ಫೋರ್ಕಿನ ದನಿ

"ಅವನು ಸ್ನಾನಕ್ಕೆ ಹೋಗಿದಾನೆ ಅಂತ ಹೇಳು ಅಂದ ನಿಮ್ಮ ಹುಡುಗ. ಆದ್ರೆ ಇಲ್ಲೇ, ನನ್ನ ಪಕ್ಕದಲ್ಲೇ ನಿಂತು ಬೇಡ ಬೇಡ ಅಂತ ಕೈ ಆಡಿಸ್ತಿದಾನೆ. ಅದೇನಂದ್ರೆ, ನಂಗೆ ಸುಳ್ಳು ಹೇಳಕ್ಕೆ ಬರಲ್ಲ ರೀ. ನನ್ನ ಮಾತು ಕೇಳಿ, ಇವನನ್ನ ಬಿಟ್ಬಿಡಿ. ನಿಮಗೆ ಇದಕ್ಕಿಂತ ಒಳ್ಳೇ ಹುಡುಗ ಸಿಗ್ತಾನೆ."

ನೋರೀನ್ ರಿಸೀವರನ್ನು ಕಿವಿಯಿಂದ ತುಸು ದೂರ ಹಿಡಿದು, ಕಾಲೇಜು ಹಾಸ್ಟೆಲಿನ ಸರಿಯಾದ ನಂಬರಿಗೇ ಮಾಡಿದ್ದೇನಾ ಎಂದು ಎದುರಿನ ಹಾಳೆ ನೋಡಿದಳು.

"ನಾನು ಯಾರ ಹುಡುಗಿಯೂ ಅಲ್ಲ," ಎಂದಳು. "ವಾಷಿಂಗ್ಟನ್ನಿಂದ ಮಾತಾಡ್ತಿದೀನಿ. ಯುದ್ಧ ನಿಲ್ಲಿಸಿ ಅಂತ ಅಕ್ಟೋಬರಲ್ಲಿ ದೇಶದ ಕಾಲೇಜುಗಳೆಲ್ಲ ಒಂದು ದಿನ ಪಾಠ ಬಿಡ್ತಿವೆಯಲ್ಲ, ಆ ಆಫೀಸು. ವೆಂಡೆಲ್ ಬ್ರಾಂಟ್ ಅನ್ನೋರು ಬೇಕಿತ್ತು."

ಆ ತುದಿಯಲ್ಲಿ ಯಾರನ್ನೋ "ಹೋಗೋ ಆ ಕಡೆ" ಎಂದು ಗದರಿದ ಸದ್ದು.

"ವೆಂಡೆಲ್ ಸ್ನಾನಕ್ಕೆ ಹೋಗಿದಾನೆ," ಎಂದಿತು ಅದೇ ದನಿ, ಬಹಳ ಸಣ್ಣದಾಗಿ.

ಮಾತಾಡುತ್ತಿರುವವನೇ ವೆಂಡೆಲ್ ಎಂದು ಹೊಳೆದು ನೋರೀನ್ ನಕ್ಕುಬಿಟ್ಟಳು. ಜೋರಾಗಿ, ತಡೆಯಲಾರದೆ. ಪಕ್ಕದ ಮೇಜುಗಳಲ್ಲಿ ಫೋನು ಹಿಡಿದು ಕೂತಿದ್ದವರು ತಿರುಗಿ ನೋಡಿದರು. ಅವಳು ನಕ್ಕಿದ್ದನ್ನು ಅವರು ಕೇಳಿದ್ದು ಅದೇ ಮೊದಲು. ಆ ಸದ್ದು ತನ್ನದೇ ಎಂದು ಗೊತ್ತಾಗುವಷ್ಟರಲ್ಲಿ ಅವಳ ಕೈ ತಾನಾಗಿ ಬಾಯಿಗೆ ಹೋಗಿತ್ತು, ಸಾವಿನ ಮನೆಯಲ್ಲಿ ಮೈಮರೆತು ಹಾಡು ಗುನುಗಿದವರಂತೆ.

ಅದು ೧೯೬೯ರ ಆಗಸ್ಟ್. ವಾಷಿಂಗ್ಟನ್ನಿನ ಹಳೆಯ ಕಟ್ಟಡವೊಂದರ ಮೂರನೇ ಮಹಡಿ. ಸೈಕ್ಲೋಸ್ಟೈಲ್ ಶಾಯಿಯ ವಾಸನೆ, ಬಿಸಿಗಾಳಿಯನ್ನೇ ಅತ್ತಿತ್ತ ತಳ್ಳುವ ಫ್ಯಾನುಗಳು, ಗೋಡೆಯ ತುಂಬ ದೇಶದ ನಕ್ಷೆ. ನಕ್ಷೆಯನ್ನು ಹಂಚಿಕೊಂಡಾಗ ನೋರೀನಳ ಪಾಲಿಗೆ ಬಂದದ್ದು ನಡುನಾಡು: ಅಯೋವಾ, ಕಾನ್ಸಾಸ್, ನೆಬ್ರಾಸ್ಕಾ. ಅಲ್ಲಿನ ಒಂದೊಂದು ಕಾಲೇಜಿಗೂ ಫೋನು ಮಾಡಿ, ಒಪ್ಪಿಸಿ, ಒಪ್ಪಿದವರು ಮರೆಯದ ಹಾಗೆ ವಾರವಾರವೂ ಬೆನ್ನು ಹತ್ತುವುದು ಅವಳ ಕೆಲಸ. ಬೇರೆಲ್ಲ ಊರುಗಳಿಗೂ ಮಾಡಿ ಮುಗಿಸಿ, ಮುಂದೂಡುತ್ತಲೇ ಬಂದಿದ್ದ ನೆಬ್ರಾಸ್ಕಾದ ಹಾರ್ಲನ್ ಫೋರ್ಕಿಗೆ ಮಾಡಿದ್ದು ಇವತ್ತೇ.

ಆ ಊರಿನ ಚರ್ಚಿನಲ್ಲಿ ಅವಳ ಮದುವೆಯಾಗಿತ್ತು. ಆ ಚರ್ಚಿನ ಹಿಂದಿನ ಸ್ಮಶಾನದಲ್ಲೇ ಅವಳ ಗಂಡ ಇದ್ದ.

ಎಮಿಲ್ ಕುಚೇರಾ ಬಾಲ್ಟಿಮೋರಿನ ಹತ್ತಿರ ಸೇನೆಯ ತರಬೇತಿಗೆ ಬಂದಿದ್ದಾಗ ಡ್ಯಾನ್ಸ್ ಹಾಲಿನಲ್ಲಿ ಅವಳ ಕಾಲು ತುಳಿದಿದ್ದ. ಕ್ಷಮೆ ಕೇಳಲು ಮರುದಿನ ಮನೆ ಹುಡುಕಿಕೊಂಡು ಬಂದ. ರಜೆ ಸಿಕ್ಕ ಕೂಡಲೇ ತನ್ನೂರಿಗೆ ಕರೆದುಕೊಂಡು ಹೋಗಿ ಮದುವೆಯಾದ. ಮೂರು ವಾರ ಜೊತೆಗಿದ್ದರು. ಆಮೇಲೆ ಅವನು ವಿಯೆಟ್ನಾಮಿಗೆ ಹೋದ. ಮರುವರ್ಷ ಫೆಬ್ರವರಿಯಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿ ಮರಳಿ ಬಂದ. ಪೆಟ್ಟಿಗೆ ತೆರೆಯಬಾರದು ಎಂದು ಸೇನೆಯವರು ಹೇಳಿದರು. ಇಪ್ಪತ್ತೆರಡರ ನೋರೀನ್ ಅದರ ಮುಚ್ಚಳದ ಮೇಲೆ ಅಂಗೈ ಇಟ್ಟು ನಿಂತಿದ್ದಳು.

ಆಫೀಸಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಅಲ್ಲಿ ಅವಳು ತವರಿನ ಹೆಸರಿನ ನೋರೀನ್ ಡೆವ್ಲಿನ್. ಮುಚ್ಚಿಡಬೇಕು ಅಂತೇನೂ ಇರಲಿಲ್ಲ. ಆದರೆ ಮೊದಲ ಮೀಟಿಂಗಿನಲ್ಲೇ ಆಫೀಸಿನ ಮುಖ್ಯಸ್ಥ ಲೆನ್ನಿ ಕುರ್ಚಿಯ ಮೇಲೆ ಕಾಲಿಟ್ಟು, "ಆ ದಿನ ಇಲ್ಲಿ ಸ್ಟೇಜ್ ಮೇಲೆ ನಮಗೊಬ್ಬಳು ಸೈನಿಕನ ವಿಧವೆ ಬೇಕು. ಸಣ್ಣ ವಯಸ್ಸಿನೋಳಾದ್ರೆ ಇನ್ನೂ ಒಳ್ಳೇದು" ಎಂದಿದ್ದ. ಕೆಟ್ಟವನಲ್ಲ ಲೆನ್ನಿ; ಯುದ್ಧ ನಿಲ್ಲಿಸಲು ಎರಡು ವರ್ಷದಿಂದ ನಿದ್ದೆಗೆಟ್ಟವನು. ಆದರೂ ಅವನ ಮಾತು ಕೇಳಿದ ಕ್ಷಣ ನೋರೀನ್ ಬಾಯಿಗೆ ಬೀಗ ಹಾಕಿಕೊಂಡಳು.

ಸಂಜೆ ಬಾಡಿಗೆ ಕೋಣೆಗೆ ಮರಳಿದಾಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಎಮಿಲ್ ಕೂತಿರುತ್ತಿದ್ದ. ಕಣ್ಣಿಗೆ ಕಾಣುತ್ತಿದ್ದ ಎಂದಲ್ಲ. ಯಾರೋ ಈಗತಾನೇ ಕೂತ ಹಾಗೆ ಕುರ್ಚಿ ಕಿರ್ರೆನ್ನುತ್ತಿತ್ತು, ಕ್ಷೌರದ ಸೋಪಿನ ವಾಸನೆ ತೇಲುತ್ತಿತ್ತು. ಅವಳಿಗೆ ಭಯವಾಗುತ್ತಿರಲಿಲ್ಲ. ಬೂಟು ಬಿಚ್ಚುತ್ತ ದಿನದ ಸುದ್ದಿ ಹೇಳುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ, ಬಸ್ ಹತ್ತುವ ಮುಂಚೆ ಅವನು ಹೇಳಿದ್ದ ಕೊನೆಯ ಮಾತನ್ನು ನೆನೆಸಿಕೊಳ್ಳುತ್ತಿದ್ದಳು. "ನನ್ನ ಕೋಟು ಅಮ್ಮನ ಮನೇಲೇ ಬಿಟ್ಟಿದೀನಿ. ಹುಳ ಹಿಡೀದ ಹಾಗೆ ನೋಡ್ಕೋ." ಅಷ್ಟೇ. ಪ್ರೀತಿಯ ಮಾತೂ ಅಲ್ಲ. ಆದರೂ ದಿನಾ ಅದನ್ನೇ ಕಿವಿಯೊಳಗೆ ಒಮ್ಮೆ ಹಾಯಿಸಿಕೊಂಡ ಮೇಲೆಯೇ ಅವಳಿಗೆ ಊಟ ಸೇರುತ್ತಿತ್ತು.

ವೆಂಡೆಲ್ ಬ್ರಾಂಟ್‌ಗೆ ಅವಳು ವಾರಕ್ಕೆ ಎರಡು ಸಲ ಫೋನು ಮಾಡಬೇಕಿತ್ತು. ಕೆಲಸದ ಮಾತು ಬೇಗ ಮುಗಿಯುತ್ತಿತ್ತು. ಮುಗಿದ ಮೇಲೂ ಇಬ್ಬರೂ ಫೋನಿಡುತ್ತಿರಲಿಲ್ಲ.

"ನೀವು ಎತ್ತರ ಇರಬೇಕು," ಎಂದ ಒಮ್ಮೆ.

"ಯಾಕೆ ಹಾಗಂತೀರಿ?"

"ಅಳೆದೂ ತೂಗಿ ಮಾತಾಡ್ತೀರಲ್ಲ. ಕುಳ್ಳಗಿರೋರಿಗೆ ಅಷ್ಟು ತಾಳ್ಮೆ ಇರಲ್ಲ."

"ನೀವು?"

"ನಾನು ಭಾರೀ ಚೆಲುವ. ನಮ್ಮಪ್ಪನ ಹಂದಿಗಳನ್ನ ಬೇಕಾದ್ರೆ ಕೇಳಿ."

ಅವಳು ತುಟಿ ಕಚ್ಚಿಕೊಂಡಳು. ಅವಳು ನಗು ತಡೆಯುವುದು ಅವನಿಗೆ ಹೇಗೋ ಗೊತ್ತಾಗುತ್ತಿತ್ತು. ಉಸಿರು ಬಿಗಿಹಿಡಿದ ಆ ಚಿಕ್ಕ ಬಿಡುವಿನಲ್ಲಿ ಅವನೂ ಸುಮ್ಮನಾಗುತ್ತಿದ್ದ, ಎದುರು ಕೂತವರು ರೆಪ್ಪೆ ಎತ್ತಲಿ ಎಂದು ಕಾಯುವ ಹಾಗೆ.

ಜಗಳವೂ ಆಯಿತು. ದೇಶಕ್ಕೆಲ್ಲ ಒಂದೇ ಪೋಸ್ಟರು, ಒಂದೇ ಘೋಷಣೆ ಎಂಬುದು ಲೆನ್ನಿಯ ಹಟ. ಪೋಸ್ಟರುಗಳ ಕಟ್ಟು ಹಾರ್ಲನ್ ಫೋರ್ಕಿಗೂ ಹೋಯಿತು.

"ಇದನ್ನ ನಾನು ಅಂಟಿಸಲ್ಲ," ಎಂದ ವೆಂಡೆಲ್.

"ಇಡೀ ದೇಶ ಅಂಟಿಸ್ತಿದೆ."

"ಇಡೀ ದೇಶ ನಮ್ಮೂರಲ್ಲಿ ವಾಸ ಮಾಡಲ್ಲ ರೀ. ಅದೇನಂದ್ರೆ, 'ಕೊಲೆಗಡುಕರ ಯುದ್ಧ' ಅಂತ ಬರೆದಿದೀರಿ. ಇಲ್ಲಿ ಹನ್ನೊಂದು ಮನೆ ಹುಡುಗರು ಆ ಯುದ್ಧದಲ್ಲೇ ಸತ್ತಿದಾರೆ. ಅವರ ತಾಯಂದಿರು ದಿನಸಿ ತರೋಕೆ ಇದೇ ಬೀದೀಲಿ ಓಡಾಡ್ತಾರೆ. ಅವರು ಇದನ್ನ ಓದಿ ಏನಂದ್ಕೋಬೇಕು? ನನ್ನ ಮಗ ಕೊಲೆಗಡುಕ ಅಂತಾನಾ?"

ನೋರೀನ್ ಪೆನ್ನು ಕೆಳಗಿಟ್ಟಳು. ಆ ಪೋಸ್ಟರನ್ನು ಕಟ್ಟು ಕಟ್ಟಿ ಕಳಿಸಿದವಳು ಅವಳೇ.

"ಮತ್ತೇನು ಮಾಡ್ತೀರಿ?" ಎಂದಳು ಮೆಲ್ಲಗೆ.

"ಕೋರ್ಟಿನ ಮುಂದೆ ನಿಂತು ಆ ಹನ್ನೊಂದು ಹೆಸರು ಓದ್ತೀವಿ. ಬೇರೆ ಏನೂ ಬೇಡ. ಆದ್ರೆ ಮೊದಲು ಒಂದೊಂದು ಮನೆಗೂ ಹೋಗಿ ಕೇಳ್ತೀನಿ. ಬೇಡ ಅಂದವರ ಹೆಸರು ಓದಲ್ಲ."

ಅವಳು ಅಂದೇ ತನ್ನ ಪಾಲಿನ ಕಾಲೇಜುಗಳಿಗೆಲ್ಲ ಮತ್ತೆ ಫೋನು ಮಾಡಿದಳು. ಘೋಷಣೆ ಕೂಗುವ ಮುಂಚೆ ಮನೆಗಳಿಗೆ ಹೋಗಿ, ಬಾಗಿಲು ತಟ್ಟಿ, ಕೂರಿಸಿದರೆ ಕೂತು ಕೇಳಿ ಎಂದಳು. ಕೆಲವರು ನಕ್ಕರು. ಹೋಗಿ ಬಂದವರು ಮಾತ್ರ ಬೇರೆಯೇ ದನಿಯಲ್ಲಿ ಮಾತಾಡತೊಡಗಿದರು. ಚಳವಳಿ ನಡೆಸುವುದು ಅಂದರೆ ಕೂಗುವುದನ್ನು ಕಲಿಸುವುದು ಎಂದು ಅಲ್ಲಿಯವರೆಗೆ ತಿಳಿದಿದ್ದಳು ನೋರೀನ್.

ಒಂದು ವಿಷಯ ಮಾತ್ರ ಅವಳ ಎದೆಯಲ್ಲಿ ಕಲ್ಲಿನಂತೆ ಕೂತಿತು. ಹನ್ನೊಂದು ಮನೆಗಳಲ್ಲಿ ಒಂದು, ವೆಂಡೆಲ್ ಬಾಗಿಲು ತಟ್ಟಲಿದ್ದ ಒಂದು, ಅವಳ ಅತ್ತೆಯದು.

ಸೆಪ್ಟೆಂಬರಿನ ಕೊನೆಗೆ ಆ ದಿನ ಬಂತು.

"ಹತ್ತು ಮನೆ ಆಯ್ತು. ಏಳು ಜನ ಹೂಂ ಅಂದ್ರು," ಎಂದ ವೆಂಡೆಲ್. "ಇವತ್ತು ಕೊನೇದು. ಮಿಸೆಸ್ ಕುಚೇರಾ ಅಂತ. ಒಳಗೆ ಕರೆದ್ರು. ಪ್ಲಮ್ ತುಂಬಿದ ಕೊಲಾಚೆ ಬನ್ನು, ನಾಲ್ಕು ತಿನ್ನಿಸಿದ್ರು. ಎಲ್ಲಾ ಕೇಳಿಸ್ಕೊಂಡ್ರು. ಆಮೇಲೆ ಬೇಡ ಅಂದ್ರು."

"ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು. 'ಆ ಯುದ್ಧ ತಪ್ಪು ಅಂತ ನೀನು ಹೇಳ್ತಿದೀಯ. ತಪ್ಪು ಅಂದ್ರೆ, ನನ್ನ ಮಗ ಸತ್ತಿದ್ದು ಯಾತಕ್ಕಪ್ಪಾ?' ಅಂದ್ರು. ಆಮೇಲೆ, 'ನನ್ನ ಸೊಸೆಯೂ ನಿಮ್ಮ ಜೊತೆಗೇ ಸೇರಿದಾಳೆ. ಅವನ ಮಣ್ಣು ಆರೋ ಮುಂಚೆ ಹೊರಟುಹೋದ್ಲು' ಅಂದ್ರು. ಅದೆಂಥಾ ಹೆಂಗಸೋ ಆ ಸೊಸೆ..."

ನೋರೀನ್ ಫೋನು ಇಟ್ಟುಬಿಟ್ಟಳು.

ಕೈ ರಿಸೀವರಿನ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ಅದು ಕೈಯ ಕೆಳಗೇ ಗಂಟೆ ಬಾರಿಸಿತು. ಅವನಾಗಿ ಫೋನು ಮಾಡಿದ್ದು ಅದೇ ಮೊದಲು.

"ಲೈನ್ ಹೋಯ್ತಾ? ಇಲ್ಲಾ ನಾನೇನಾದ್ರೂ..."

"ಆ ಸೊಸೆ ನಾನೇ," ಎಂದಳು.

ತಂತಿಯ ಗುಂಯ್‌ಗುಡುವಿಕೆ ಮಾತ್ರ ಉಳಿಯಿತು. ದೇಶದ ಅರ್ಧದಷ್ಟು ಹೊಲ, ನದಿ, ಬೆಟ್ಟಗಳನ್ನು ಹಾದು ಬರುವ ಸದ್ದು. ಅವನು ಈಗ ಕ್ಷಮಿಸಿ ಅನ್ನುತ್ತಾನೆ, ಅಯ್ಯೋ ಅನ್ನುತ್ತಾನೆ, ಎಲ್ಲರ ಹಾಗೆ ದನಿ ತಗ್ಗಿಸಿ ಮಾತಾಡುತ್ತಾನೆ ಎಂದು ಅವಳು ಕಾದಳು.

"ಹಾಗಾದ್ರೆ ನಿನ್ನ ಮದುವೆ ಫೋಟೋ ನೋಡಿದೆ," ಎಂದ ವೆಂಡೆಲ್ ನಿಧಾನವಾಗಿ. "ಅವರ ಮನೆ ಮೆಟ್ಟಿಲ ಹತ್ತಿರ ಹಾಕಿದಾರೆ. ಧೂಳು ಒರೆಸಿ ಇಟ್ಟಿದಾರೆ. ನೋರೀನ್, ನೀನು ಎತ್ತರ ಇಲ್ಲವೇ ಇಲ್ಲ."

ಅವಳಿಗೆ ಅಳು ಬಂತು. ಎಲ್ಲರೆದುರು, ಮೇಜಿಗೆ ಹಣೆ ಹಚ್ಚಿ ಅತ್ತಳು. ಅವನು ಫೋನಿಡಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಅವಳು ಮೂಗು ಒರೆಸಿಕೊಳ್ಳುವವರೆಗೆ ಅವನ ಉಸಿರು ಆ ತುದಿಯಲ್ಲಿ ಇತ್ತು.

ಅವತ್ತು ಕೋಣೆಗೆ ಹೋದಾಗ ಕುರ್ಚಿ ಕಿರ್ರೆನ್ನಲಿಲ್ಲ. ಸೋಪಿನ ವಾಸನೆಯೂ ಇರಲಿಲ್ಲ. ನೋರೀನ್ ಬಾಗಿಲಲ್ಲೇ ನಿಂತು, "ಎಮಿಲ್?" ಎಂದಳು. ಕೆಳಗೆ ಯಾರೋ ರೇಡಿಯೋ ಹಾಕಿದರು. ಅವಳು ಮಂಚದ ಮೇಲೆ ಕೂತು ಕಣ್ಣು ಮುಚ್ಚಿ, ದಿನದಂತೆ ಆ ಮಾತನ್ನು ಕರೆದಳು. ಮಾತು ಬಂತು.

"ಅದೇನಂದ್ರೆ, ನನ್ನ ಕೋಟು ಅಮ್ಮನ ಮನೇಲೇ ಬಿಟ್ಟಿದೀನಿ..."

ಅವಳು ಬೆಚ್ಚಿ ಕಣ್ಣು ತೆರೆದಳು. ಅದು ವೆಂಡೆಲ್‌ನ ದನಿ.

ಮತ್ತೆ ಪ್ರಯತ್ನಿಸಿದಳು. ಎಮಿಲ್‌ನ ಗಲ್ಲದ ಗಾಯದ ಗುರುತು ಕಂಡಿತು, ಬಸ್ಸಿನ ಮೆಟ್ಟಿಲ ಮೇಲಿಟ್ಟ ಬೂಟು ಕಂಡಿತು, ತುಟಿ ಅಲ್ಲಾಡಿತು. ದನಿ ಮಾತ್ರ ಹಾರ್ಲನ್ ಫೋರ್ಕಿನ ಹಾಸ್ಟೆಲ್ ಫೋನಿನದು. ಅದೇ ಮಾತನ್ನು ಅವನ ಬಾಯಲ್ಲಿ ಮತ್ತೆ ಮತ್ತೆ ಆಡಿಸಿ ನೋಡಿದಳು. ಗಂಡನನ್ನು ಎರಡನೇ ಸಲ ಮಣ್ಣು ಮಾಡಿ ಬಂದ ಹಾಗಾಯಿತು. ಈ ಸಲ ಗುಂಡಿ ತೋಡಿದವಳು ತಾನೇ ಎನಿಸಿತು.

ಮರುದಿನ ನೆಬ್ರಾಸ್ಕಾವನ್ನು ಪಕ್ಕದ ಮೇಜಿನ ಹುಡುಗಿಗೆ ವಹಿಸಿದಳು. ಫೋನು ಬಂದರೆ ತಾನಿಲ್ಲ ಎನ್ನು ಎಂದಳು.

ವೆಂಡೆಲ್ ಮಾಡಿದ. ಮತ್ತೆ ಮಾಡಿದ. "ಅವಳು ಸ್ನಾನಕ್ಕೆ ಹೋಗಿದಾಳಾ ಕೇಳು ಅಂತಿದಾನೆ," ಎಂದಳು ಆ ಹುಡುಗಿ, ರಿಸೀವರಿಗೆ ಕೈ ಅಡ್ಡ ಹಿಡಿದು. ನೋರೀನ್ ತಲೆ ಎತ್ತಲಿಲ್ಲ.

ಅವಳು ಮೇಜಿಗೆ ತಲೆಯಿಟ್ಟು ಅತ್ತದ್ದನ್ನು ಲೆನ್ನಿಯೂ ನೋಡಿದ್ದ. ಫೋನಿನಲ್ಲಿ ಆಡಿದ ಮಾತೂ ಅವನ ಕಿವಿಗೆ ಬಿದ್ದಿತ್ತು. ಒಂದು ವಾರ ಕಾದು, ಕಾಫಿ ತಂದುಕೊಟ್ಟು, ಎದುರು ಕೂತ.

"ನೋರೀನ್, ನಾನು ಕೇಳಬಾರದು ಅಂತ ಗೊತ್ತು. ಆದ್ರೂ ಕೇಳ್ತೀನಿ. ಸ್ಟೇಜ್ ಮೇಲೆ ಐದೇ ಐದು ನಿಮಿಷ. ನೀನು ಅವನ ಹೆಸರು ಹೇಳಿ ಸುಮ್ನೆ ನಿಂತ್ರೂ ಸಾಕು. ಟಿವಿಯೋರೆಲ್ಲ ಬರ್ತಾರೆ."

"ಅವನ ತಾಯಿ ಬೇಡ ಅಂದಿದಾರೆ."

"ಇದು ಒಬ್ಬ ತಾಯಿ ವಿಷಯ ಅಲ್ಲ. ದೇಶದ ವಿಷಯ."

"ಗೊತ್ತು ಲೆನ್ನಿ. ಅವನನ್ನ ಕರ್ಕೊಂಡು ಹೋಗುವಾಗ್ಲೂ ಹಾಗೇ ಅಂದಿದ್ರು."

ಲೆನ್ನಿ ಕೆಂಪಾದ. ಕಾಫಿಯನ್ನು ಅವಳತ್ತ ಸರಿಸಿ, "ಹಾಗಾದ್ರೆ ಆ ದಿನ ಎಲ್ಲಿರ್ತೀಯ?" ಎಂದ.

ಆ ಪ್ರಶ್ನೆಗೆ ಉತ್ತರ ತನಗೆ ಆಗಲೇ ಗೊತ್ತಿದೆ ಎಂಬುದು ಅವಳಿಗೆ ತಿಳಿದದ್ದು ಬಾಯಿ ತೆರೆದ ಮೇಲೆ. "ಹಾರ್ಲನ್ ಫೋರ್ಕಲ್ಲಿ," ಎಂದಳು.

ಬಸ್ಸು ಎರಡು ದಿನ ತೆಗೆದುಕೊಂಡಿತು. ಬುಧವಾರ ಮಧ್ಯಾಹ್ನ ಅವಳು ಇಳಿದಾಗ ಊರು ಅಕ್ಟೋಬರಿನ ತೆಳು ಬಿಸಿಲಿನಲ್ಲಿ ಸುಮ್ಮನಿತ್ತು. ಕಟಾವಾದ ಮೆಕ್ಕೆಜೋಳದ ಧೂಳು ಗಾಳಿಯಲ್ಲಿತ್ತು. ಕೋರ್ಟಿನ ಮುಂದಿನ ಹುಲ್ಲಿನ ಮೇಲೆ ಜನ ಸೇರಿದ್ದರು. ಹೆಚ್ಚೇನಿಲ್ಲ, ಕಾಲೇಜಿನ ಹುಡುಗ ಹುಡುಗಿಯರು, ಒಬ್ಬ ಪಾದ್ರಿ, ಕೋಟು ತೊಟ್ಟು ಬಂದ ಕೆಲವು ಅಪ್ಪ ಅಮ್ಮಂದಿರು. ರಸ್ತೆಯ ಆಚೆ, ಹಾರ್ಡ್‌ವೇರ್ ಅಂಗಡಿಯ ಮುಂದೆ, ನೋಡಲು ನಿಂತವರೇ ಹೆಚ್ಚು. ಅವರೂ ಬೈಯುತ್ತಿರಲಿಲ್ಲ.

ಅವಳಿಗೆ ಮೊದಲು ಸಿಕ್ಕಿದ್ದು ದನಿ. ಗುಂಪಿನ ಆಚೆಯಿಂದ, ಕೈಮೈಕಿನಲ್ಲಿ ಒಡೆದು ಬರುತ್ತ, ಒಂದು ಹೆಸರು, ಆ ಹುಡುಗನ ವಯಸ್ಸು, ಮತ್ತೆ ಮೌನ. ನೋರೀನಳ ಕಾಲು ನಿಂತಲ್ಲೇ ನಿಂತಿತು. ಎಷ್ಟೋ ಸಂಜೆ ಕಿವಿಯೊಳಗೆ ಮಾತ್ರ ಇದ್ದ ದನಿ ಈಗ ಬಯಲಿನಲ್ಲಿ, ಎಲ್ಲರಿಗೂ ಕೇಳುತ್ತಿತ್ತು. ತನ್ನದೇನನ್ನೋ ಯಾರೋ ಬೀದಿಯಲ್ಲಿ ಹರವಿದ ಹಾಗೆ ಅವಳ ಮುಖ ಬಿಸಿಯಾಯಿತು.

ಭುಜಗಳ ನಡುವೆ ಜಾಗ ಮಾಡಿಕೊಂಡು ನೋಡಿದಳು. ಚೆಲುವನೇನಲ್ಲ. ಬಿಸಿಲಿಗೆ ಸುಟ್ಟ ಕತ್ತು, ಮಣಿಕಟ್ಟಿಗಿಂತ ಮೇಲೇ ನಿಂತುಬಿಟ್ಟ ಅಂಗಿಯ ತೋಳು, ನೀರು ಹಚ್ಚಿ ಬಾಚಿದರೂ ಎದ್ದು ನಿಂತ ಕೂದಲು. ಕಣ್ಣು ಎತ್ತಿದ. ಗುಂಪಿನ ಮೇಲೆ ಹಾದುಹೋದ ನೋಟ ಅವಳನ್ನು ದಾಟಿತು, ನಿಂತಿತು, ಹಿಂದಿರುಗಿತು. ಫೋಟೋದ ಹುಡುಗಿಯನ್ನು ಇವಳ ಮುಖದ ಮೇಲಿಟ್ಟು ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಅವನ ಕಿವಿಗಳು ನಿಧಾನವಾಗಿ ಕೆಂಪೇರಿದವು. ಓದುತ್ತಿದ್ದ ಜಾಗ ತಪ್ಪಿ, ಗಂಟಲು ಸರಿಮಾಡಿಕೊಂಡು, ಹೇಳಿದ್ದ ಹೆಸರನ್ನೇ ಇನ್ನೊಮ್ಮೆ ಹೇಳಿದ. ಅವಳು ಕಣ್ಣು ಕೆಳಗೆ ಹಾಕಿದಳು. ಮತ್ತೆ ಎತ್ತಿದಾಗಲೂ ಅವನು ನೋಡುತ್ತಲೇ ಇದ್ದ.

ಏಳು ಹೆಸರುಗಳು ಮುಗಿದವು. ಎಮಿಲ್‌ನ ಹೆಸರು ಬರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿದ್ದ. ಜನ ಮೆಲ್ಲಗೆ ಕರಗತೊಡಗಿದರು.

ಆಗ ರಸ್ತೆಯ ಆಚೆಯಿಂದ ದಿನಸಿಯ ಚೀಲ ಹಿಡಿದ ಹೆಂಗಸೊಬ್ಬರು ಬರುವುದು ಕಂಡಿತು. ಆಗ್ನೆಸ್ ಕುಚೇರಾ. ನೋರೀನ್ ನೋಡಿ ಒಂದೂವರೆ ವರ್ಷವಾಗಿತ್ತು. ಹತ್ತು ವರ್ಷ ಕಳೆದಂತೆ ಸವೆದಿದ್ದರು. ಸೊಸೆಯತ್ತ ಒಂದು ನೋಟ ಎಸೆದು, ನೇರ ವೆಂಡೆಲ್‌ನ ಎದುರು ನಿಂತರು.

"ಎಮಿಲ್ ಎಲ್ಲಿ?"

ವೆಂಡೆಲ್ ತಬ್ಬಿಬ್ಬಾದ. "ನೀವು ಬೇಡ ಅಂದಿದ್ರಿ ಅಮ್ಮ."

"ಅಂದೆ. ಕೇಳದೇ ಓದಿದ್ದಿದ್ರೆ ಎಲ್ಲರೆದುರು ನಿನ್ನ ಕಪಾಳಕ್ಕೆ ಬಾರಿಸ್ತಿದ್ದೆ. ಅದಕ್ಕೇ ಬಂದು ನಿಂತಿದ್ದೆ, ನೋಡೋಣ ಅಂತ. ಅವನ ಜೊತೆಗಿನ ಹುಡುಗರ ಹೆಸರು ಕರೆದ್ರಿ. ಶಾಲೇಲಿ ಹಾಜರಿ ಕರೆದ ಹಾಗೆ. ನನ್ನ ಮಗನನ್ನ ಹೊರಗೆ ನಿಲ್ಲಿಸಿದ ಹಾಗಾಯ್ತು." ಅವರು ನೋರೀನಳತ್ತ ತಿರುಗಿದರು. "ನೀನು ಹೇಳು. ಅದಕ್ಕೇ ತಾನೇ ಬಂದಿದ್ದು?"

"ಅಲ್ಲ ಅಮ್ಮ. ನಿಮ್ಮನ್ನ ನೋಡೋಕೆ ಬಂದೆ."

"ನೋಡಿದ್ಯಲ್ಲ. ಈಗ ಹೇಳು."

ಕೈಮೈಕು ಅವಳು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಹುಲ್ಲಿನ ಮೇಲೆ ಅರ್ಧ ಜನವೂ ಉಳಿದಿರಲಿಲ್ಲ. ಯಾವ ಕ್ಯಾಮೆರಾವೂ ಇರಲಿಲ್ಲ. ವಾಷಿಂಗ್ಟನ್ನಿನ ವೇದಿಕೆಯಲ್ಲಿ ಯಾರಿಗೂ ಕೊಡದೆ ಉಳಿಸಿಕೊಂಡಿದ್ದ ಹೆಸರನ್ನು ನೋರೀನ್ ಬಾಯಿಗೆ ತಂದಳು.

"ಎಮಿಲ್ ಕುಚೇರಾ. ಇಪ್ಪತ್ತಮೂರು ವರ್ಷ."

"ಕುಚೇರಾ ಅಲ್ಲ!" ಎಂದರು ಆಗ್ನೆಸ್ ಗದರಿ. "ಕೂಚೆರಾ. ಮೊದಲನೇ ಅಕ್ಷರಕ್ಕೆ ಒತ್ತು ಕೊಡ್ಬೇಕು ಅಂತ ಮದುವೆ ದಿನಾನೇ ಹೇಳಿದ್ದೆ. ಎರಡು ವರ್ಷ ಆಯ್ತು, ಗಂಡನ ಹೆಸರು ಹೇಳೋಕೆ ಇನ್ನೂ ಬರಲ್ಲ ಇವಳಿಗೆ. ಇನ್ನೊಂದ್ಸಲ."

"ಕೂಚೆರಾ," ಎಂದಳು ನೋರೀನ್. ನಗುವೂ ಅಳುವೂ ಒಟ್ಟಿಗೇ ಗಂಟಲಿಗೆ ಬಂದು ಮೈಕಿನಲ್ಲಿ ವಿಚಿತ್ರ ಸದ್ದಾಯಿತು. "ಎಮಿಲ್ ಕೂಚೆರಾ."

ಹೊರಟಿದ್ದವರು ನಿಂತರು. ಆಚೆಯ ಅಂಗಡಿಯ ಮುಂದೆ ಒಬ್ಬ ಮುದುಕ ಟೋಪಿ ತೆಗೆದ. ಆಗ್ನೆಸ್ ಚೀಲವನ್ನು ಎದೆಗೆ ಅವುಚಿಕೊಂಡು, ಆ ಹೆಸರು ಗಾಳಿಯಲ್ಲಿ ಆರುವವರೆಗೆ ಅಲ್ಲಾಡದೆ ನಿಂತಿದ್ದರು. ಆಮೇಲೆ, "ಇಬ್ಬರೂ ಊಟಕ್ಕೆ ಬನ್ನಿ. ಮನೇಲಿ ಹಂದಿ ಮಾಂಸ, ಕೋಸು ಇದೆ," ಎಂದು ಹಿಂದಿರುಗಿ ನೋಡದೆ ನಡೆದರು.

ಅಡುಗೆಮನೆ ಹಾಗೇ ಇತ್ತು. ಊಟದ ನಡುವೆ ಆಗ್ನೆಸ್ ಏನನ್ನೂ ಕೇಳಲಿಲ್ಲ. ವೆಂಡೆಲ್ ರೊಟ್ಟಿ ದಾಟಿಸುವಾಗ ನೋರೀನಳ ಬೆರಳಿಗೆ ತಾಗದಂತೆ ಎಷ್ಟು ಎಚ್ಚರ ವಹಿಸುತ್ತಾನೆ ಎಂಬುದನ್ನು, ಆ ಎಚ್ಚರಕ್ಕೆ ನೋರೀನ್ ಹೇಗೆ ತಲೆ ತಗ್ಗಿಸುತ್ತಾಳೆ ಎಂಬುದನ್ನು ನೋಡುತ್ತ ಕೂತಿದ್ದರು. ಅವನು ಸೌದೆ ತರಲು ಹಿತ್ತಲಿಗೆ ಹೋದಾಗ ತಟ್ಟೆ ತೊಳೆಯುತ್ತ ಕೇಳಿದರು.

"ಎಷ್ಟು ದಿನದಿಂದ?"

"ಏನೂ ಇಲ್ಲ ಅಮ್ಮ. ಇವತ್ತೇ ಮೊದಲ ಸಲ ನೋಡಿದ್ದು."

"ನೋಡಿದ್ದು ಕೇಳಲಿಲ್ಲ ನಾನು."

ನೋರೀನ್ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು. ಯಾರಿಗೂ ಹೇಳಲಾಗದ್ದನ್ನು ಹೇಳಬೇಕಾದವರು ಇವರೊಬ್ಬರೇ ಎನಿಸಿತು. "ಎಮಿಲ್ ದನಿ ನನಗೆ ಮರೆತುಹೋಯ್ತು ಅಮ್ಮ. ನೆನಪಿಸ್ಕೊಂಡ್ರೆ ಫೋನಲ್ಲಿ ಕೇಳಿದ ಇವನ ದನಿ ಬರುತ್ತೆ. ನಾನೇ ಅವನನ್ನ ಓಡಿಸಿಬಿಟ್ಟೆ."

ನೀರು ಸುರಿಯುತ್ತಲೇ ಇತ್ತು. ಆಗ್ನೆಸ್ ನಲ್ಲಿ ತಿರುಗಿಸಿ ನಿಲ್ಲಿಸಿದರು.

"ನನಗೂ ಹೋಗಿದೆ," ಎಂದರು. "ಕಳೆದ ಚಳಿಗಾಲದಲ್ಲೇ ಹೋಯ್ತು. ಒಂದು ದಿನ ಬೆಳಿಗ್ಗೆ ಎದ್ದೆ, ಇರಲಿಲ್ಲ. ಅಳೋ ಕೂಸಾಗಿದ್ದಾಗಿನ ದನಿ ಇದೆ. ದೊಡ್ಡವನಾದ ಮೇಲಿನದು ಇಲ್ಲ. ಪಾದ್ರಿಗೂ ಹೇಳಿಲ್ಲ, ನಾಚಿಕೆಯಾಗಿ." ಅವರು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿ ನೋರೀನಳ ಕೆನ್ನೆಯ ಮೇಲಿಟ್ಟರು. "ನಾನು ಯಾರ ಜೊತೆ ಫೋನಲ್ಲಿ ಮಾತಾಡಿದ್ದೆ ಹೇಳು? ಯಾರೂ ಓಡಿಸಲ್ಲ ಮಗಳೇ. ಅದು ತಾನಾಗಿ ಹೋಗುತ್ತೆ. ಅದೇ ಸಾವು."

ಹೊರಗೆ ವೆಂಡೆಲ್ ಬೂಟಿನ ಮಣ್ಣು ಕೊಡವಿ, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲಿ ನಿಂತ ಸದ್ದು ಇಬ್ಬರಿಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ಅವನು ತನ್ನಪ್ಪನ ಪಿಕಪ್ಪಿನಲ್ಲಿ ಅವಳನ್ನು ಬಸ್ ನಿಲ್ಲುವ ಜಾಗಕ್ಕೆ ಕರೆದೊಯ್ದ. ಮಂಜು ಇತ್ತು. ಬಸ್ಸಿನ್ನೂ ಬಂದಿರಲಿಲ್ಲ. ಹತ್ತಿರ ಕೂತ ಮೇಲೆ ಮಾತು ಕಷ್ಟವಾಗಿತ್ತು. ಫೋನಿನಲ್ಲಿ ಅಷ್ಟು ವಾಚಾಳಿಯಾಗಿದ್ದವನು ಸ್ಟೀರಿಂಗನ್ನೇ ದಿಟ್ಟಿಸುತ್ತಿದ್ದ.

"ನೀನು ಫೋನ್ ಎತ್ತದೇ ಇದ್ದಾಗ," ಎಂದ ಕೊನೆಗೆ, "ಕಾರಿಡಾರಲ್ಲಿ ಆ ಫೋನಿನ ಕೆಳಗೇ ಕೂತು ಪರೀಕ್ಷೆಗೆ ಓದಿದೆ. ಎಲ್ಲರೂ ನಗ್ತಿದ್ರು."

"ಪಾಸಾದ್ಯಾ?"

"ಇಲ್ಲ."

ಅವಳು ಕಿಟಕಿಯತ್ತ ತಿರುಗಿ ನಕ್ಕಳು. ಗಾಜಿನಲ್ಲಿ ಅವನು ಅವಳ ನಗುವನ್ನು ನೋಡಿದ. ಕೇಳಿ ಕೇಳಿ ಬಲ್ಲ ನಗುವಿನ ಮುಖ ಇದು ಎಂಬಂತೆ, ತುಂಬ ಹೊತ್ತು.

"ಒಂದು ವಿಷಯ ಹೇಳಬೇಕು. ಕೇಳಿದ ಮೇಲೆ ಬೇಕಾದ್ರೆ ಬೇಡ ಅನ್ನು," ಎಂದ. "ಮೇ ತಿಂಗಳಿಗೆ ನನ್ನ ಓದು ಮುಗಿಯುತ್ತೆ. ಕಾಲೇಜಲ್ಲಿ ಇರೋ ತನಕ ಮಾತ್ರ ಸೇನೆಯವರು ಬಿಡ್ತಾರೆ. ಆಮೇಲೆ ಕರೆ ಬರುತ್ತೆ. ನಾನು ಹೋಗಲ್ಲ. ಕೆನಡಾಕ್ಕೂ ಓಡಿಹೋಗಲ್ಲ, ಹನ್ನೊಂದು ಮನೆ ಬಾಗಿಲು ತಟ್ಟಿ ಬಂದು ಓಡಿಹೋಗಕ್ಕಾಗಲ್ಲ. ಇಲ್ಲೇ ನಿಂತು ಆಗಲ್ಲ ಅಂತೀನಿ. ಜೈಲಾಗುತ್ತೆ. ಎರಡು ವರ್ಷ, ಮೂರು ವರ್ಷ. ಒಂದು ಸಲ ಕಾದು ಕಾದು ಏನಾಯ್ತು ಅಂತ ನೋಡಿದೀಯ ನೀನು. ಮತ್ತೆ ಕಾಯಿ ಅಂತ ಕೇಳೋ ಮುಖ ನನಗಿಲ್ಲ."

ಮಂಜಿನೊಳಗೆ ಎಲ್ಲೋ ನಾಯಿ ಬೊಗಳಿತು. ನೋರೀನ್ ಆ ಮುಚ್ಚಿದ ಪೆಟ್ಟಿಗೆಯ ತಣ್ಣನೆಯ ಮರವನ್ನು ಅಂಗೈಯಲ್ಲಿ ಮತ್ತೆ ಕಂಡಳು. ಅದು ಎಲ್ಲಿಗೂ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇನ್ನು ಎಷ್ಟು ವರ್ಷ ಬದುಕಿದರೂ, ಯಾರ ಪಕ್ಕದಲ್ಲಿ ಮಲಗಿದರೂ, ಆ ಮರ ಅಂಗೈಗೆ ಅಂಟಿಯೇ ಇರುತ್ತದೆ. ಅದೇ ಕೈಯನ್ನು ಚಾಚಿ ಅವನ ಮಣಿಕಟ್ಟನ್ನು ಹಿಡಿದಳು, ಅಂಗಿಯ ತೋಳು ಮುಟ್ಟದ ಜಾಗದಲ್ಲಿ. ಅಲ್ಲಿ ನಾಡಿ ಹುಚ್ಚಾಪಟ್ಟೆ ಹೊಡೆದುಕೊಳ್ಳುತ್ತಿತ್ತು.

"ಜೈಲಾದ್ರೆ," ಎಂದಳು, "ನೋಡೋಕೆ ಬಿಡ್ತಾರಲ್ಲ?"

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಹೂಂ ಎಂದು ತಲೆ ಆಡಿಸಿದ.

"ಹಾಗಾದ್ರೆ ಕಾಯ್ತೀನಿ," ಎಂದಳು. "ನಂಗೆ ನೀನು ಬೇಕು ವೆಂಡೆಲ್. ಭಯ ಆಗುತ್ತೆ, ಆದ್ರೂ ಬೇಕು."

ಅವನು ಅವಳ ಕೈಯನ್ನು ಎತ್ತಿ ತನ್ನ ಕಣ್ಣುಗಳ ಮೇಲೆ ಒತ್ತಿಕೊಂಡ. ಬೆರಳುಗಳ ಕೆಳಗೆ ರೆಪ್ಪೆ ಒದ್ದೆಯಾಗಿತ್ತು. ದೂರದಲ್ಲಿ ಬಸ್ಸಿನ ದೀಪಗಳು ಮಂಜನ್ನು ಹಳದಿ ಮಾಡುತ್ತ ಬರುತ್ತಿದ್ದವು. ಅದು ಹತ್ತಿರವಾಗುತ್ತಿದ್ದಂತೆ ನೋರೀನ್ ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು.

"ಮಾತಾಡು," ಎಂದಳು.

"ಏನು ಮಾತಾಡಲಿ?"

"ಏನಾದ್ರೂ. ಬಸ್ಸು ನಿಲ್ಲೋ ತನಕ. ನಾನು ಕೇಳಿಸ್ಕೋತೀನಿ."

ಪ್ರೀತಿಯ ಮಾತುಗಳೆಲ್ಲ ಆ ಕ್ಷಣಕ್ಕೆ ಮರೆತುಹೋಗಿದ್ದವು ಅವನಿಗೆ. ಆದ್ದರಿಂದ ಮಂಜು ಒಂಬತ್ತಕ್ಕೆಲ್ಲ ಹರಿಯುತ್ತದೆ ಎಂದು ಹೇಳಿದ. ಪೂರ್ವದ ಹೊಲದ ಜೋಳ ಇನ್ನೂ ಕೊಯ್ಯುವುದಿದೆ, ಅಪ್ಪನ ಮಂಡಿ ನೋವು ಹೆಚ್ಚಾಗಿದೆ, ದಾರಿಯಲ್ಲಿ ಓಮಾಹಾದಲ್ಲಿ ಇಳಿದಾಗ ಅಲ್ಲಿನ ಕಾಫಿ ಮಾತ್ರ ಕುಡಿಯಬೇಡ ಎಂದ. ಅವಳ ಕೈಯನ್ನು ಬಿಡದೆ, ಒಡೆಯುವ ದನಿಯನ್ನು ಮತ್ತೆ ಮತ್ತೆ ಕೂಡಿಸಿಕೊಳ್ಳುತ್ತ, ಹೇಳುತ್ತಲೇ ಹೋದ.